ಬಟನ್ನಿಗೂ ಒಂದು ಕ್ಲಾಸ್ ಯಾಕೆ ಬೇಕು

ಮಾನ್ಯ ಸಂಪಾದಕರಿಗೆ,

ತಮ್ಮ ತಂತ್ರಜ್ಞಾನ ಪುಟದಲ್ಲಿ ಆಟೊಮೇಷನ್ ಟೆಸ್ಟಿಂಗ್ ಬಗ್ಗೆ ಬಂದ ಅಂಕಣ ಓದಿದೆ. ಬ್ರೌಸರ್ ಟೆಸ್ಟ್‌ಗಳನ್ನು ನಂಬುವ ಹಾಗಿಲ್ಲ, ನಿನ್ನೆ ಪಾಸಾದದ್ದು ಇವತ್ತು ಫೇಲಾಗುತ್ತದೆ, ಕಷ್ಟಪಟ್ಟು ಬರೆದ ಸ್ಕ್ರಿಪ್ಟುಗಳನ್ನು ಕೊನೆಗೆ ಮೂಲೆಗೆ ಹಾಕಬೇಕಾಗುತ್ತದೆ ಎಂದು ಅಂಕಣಕಾರರು ಬರೆದಿದ್ದಾರೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಅಷ್ಟೂ ತಪ್ಪನ್ನು ಮನುಷ್ಯರ ಬದಲು ಬ್ರೌಸರನ್ನು ನಡೆಸುವ ಸೆಲೆನಿಯಂ ಎಂಬ ಉಪಕರಣದ ತಲೆಗೆ ಕಟ್ಟಿ, ಹೊಸ ಉಪಕರಣ ತಂದರೆ ಎಲ್ಲ ಸರಿಹೋಗುತ್ತದೆ ಎಂದು ಮುಗಿಸಿಬಿಟ್ಟರು. ಅದಕ್ಕೆ ನನ್ನ ತಕರಾರಿದೆ. ನಾನು ಟೆಸ್ಟರ್; ಈಗೀಗ ನನ್ನ ದಿನದ ಹೆಚ್ಚಿನ ಪಾಲು ಬೇರೆಯವರು ಬರೆದ ಟೆಸ್ಟ್ ಕೋಡ್ ಓದಿ ತಿದ್ದುವುದರಲ್ಲೇ ಕಳೆಯುತ್ತದೆ. ನಾನು ನೋಡಿದ ಮಟ್ಟಿಗೆ, ಪುಟದ ಮೇಲಿನ ಬಟನ್ನು, ಪೆಟ್ಟಿಗೆ, ಪಟ್ಟಿಗಳನ್ನು ಸ್ಕ್ರಿಪ್ಟು ನೇರವಾಗಿ ಕೈಹಾಕಿ ಮುಟ್ಟುತ್ತದಲ್ಲ, ಅಲ್ಲಿಂದಲೇ ತೊಂದರೆ ಶುರು. ನಡುವೆ ಒಂದೊಂದು ಬಗೆಗೂ ಒಂದು ಕ್ಲಾಸ್, ಅಂದರೆ ಅದನ್ನು ಬಳಸುವ ರೀತಿಯನ್ನೆಲ್ಲ ಒಂದೇ ಕಡೆ ಬರೆದಿಡುವ ಕೋಡಿನ ತುಂಡು, ಇರಬೇಕು ಎಂಬುದು ನನ್ನ ವಾದ.

ಸೆಲೆನಿಯಂ ಹುಟ್ಟಿದ್ದು 2004ರಲ್ಲಿ, ಥಾಟ್‌ವರ್ಕ್ಸ್‌ ಕಂಪನಿಯಲ್ಲಿದ್ದ ಜೇಸನ್ ಹಗ್ಗಿನ್ಸ್ ಅವರ ಕೈಯಲ್ಲಿ. ಆಮೇಲೆ ಬ್ರೌಸರಿಗೆ ಆಜ್ಞೆ ಕೊಡಲು ಸೈಮನ್ ಸ್ಟೀವರ್ಟ್ ಕಟ್ಟಿದ ವೆಬ್‌ಡ್ರೈವರ್ ಅದರೊಳಗೆ ಸೇರಿಕೊಂಡಿತು. 2018ರ ಜೂನ್‌ನಲ್ಲಿ ವೆಬ್‌ಡ್ರೈವರ್ ಅಧಿಕೃತ ವೆಬ್ ಮಾನದಂಡವೂ ಆಯಿತು. ಆ ಮಾನದಂಡ ನಮಗೆ ಕೊಡುವುದು ಬಹಳ ಮೂಲಭೂತ ಕೆಲಸಗಳನ್ನು: ಒಂದು ಎಲಿಮೆಂಟ್ (ಪುಟದ ಮೇಲಿನ ಬಟನ್, ಪೆಟ್ಟಿಗೆಯಂಥ ಒಂದು ತುಂಡು) ಹುಡುಕು, ಅದರ ಮೇಲೆ ಕ್ಲಿಕ್ ಮಾಡು, ಅಕ್ಷರ ಒತ್ತು, ಪಠ್ಯ ಓದು. ಯಾವ ಬ್ರೌಸರ್ ಆದರೂ ಒಪ್ಪಬೇಕಾದ್ದರಿಂದ ಅದು ಹಾಗೆ ಇರುವುದೇ ಸರಿ. ಅದರ ಮೇಲೆ ಕಟ್ಟಬೇಕಾದ್ದನ್ನು ಕಟ್ಟದೆ, ಆ ಮೂಲ ಆಜ್ಞೆಗಳನ್ನೇ ಟೆಸ್ಟಿನ ತುಂಬ ಚೆಲ್ಲಿದರೆ ಅದು ಸೆಲೆನಿಯಂ ಮಾಡಿದ ತಪ್ಪೇ?

ಚೆಲ್ಲಿದ್ದು ಹೇಗಿರುತ್ತದೆಂದು ಹೇಳುತ್ತೇನೆ. ಬ್ರೌಸರಿನಲ್ಲಿ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಪುಟದೊಳಗೆ ಅದಿರುವ ದಾರಿಯನ್ನು ಹೇಳುವ ಎಕ್ಸ್‌ಪಾತ್ ನಕಲು ಮಾಡಿಕೊಳ್ಳುತ್ತಾರೆ. ಬರುವುದೇನು? ಮೂರನೆಯ ಡಿವ್ (ಪುಟವನ್ನು ಭಾಗ ಮಾಡುವ ಟ್ಯಾಗ್) ಒಳಗಿನ ಎರಡನೆಯ ಡಿವ್ ಒಳಗಿನ ಫಾರ್ಮ್‌ನ ಐದನೆಯ ಮಗು. ಅದನ್ನು ಹತ್ತಾರು ಫೈಲುಗಳಿಗೆ ಅಂಟಿಸುತ್ತಾರೆ. ಒಂದು ದಿನ ವಿನ್ಯಾಸದವರು ಪುಟದ ತಲೆಯ ಮೇಲೆ ಒಂದು ಸೂಚನಾ ಪಟ್ಟಿ ಸೇರಿಸುತ್ತಾರೆ. ಮೂರನೆಯದು ನಾಲ್ಕನೆಯದಾಗುತ್ತದೆ. ಆವತ್ತು ಬೆಳಗಿನ ರಿಪೋರ್ಟ್ ಪೂರ್ತಿ ಕೆಂಪು, ಅಂದರೆ ಎಲ್ಲ ಫೇಲ್.

ಇದಕ್ಕೆ ಮೊದಲ ಮದ್ದು ಪೇಜ್ ಆಬ್ಜೆಕ್ಟ್ ಎಂಬುದು ಬಹುಪಾಲು ಟೆಸ್ಟರ್‌ಗಳಿಗೆ ಗೊತ್ತು. ಪುಟಕ್ಕೊಂದು ಕ್ಲಾಸ್, ಅದರೊಳಗೆ ಆ ಪುಟದ ಎಲಿಮೆಂಟುಗಳ ವಿಳಾಸ ಹೇಳುವ ಎಲ್ಲ ಲೊಕೇಟರ್‌ಗಳು, ಟೆಸ್ಟಿಗೆ ಕಾಣುವುದು ‘ಲಾಗಿನ್ ಮಾಡು’, ‘ಅರ್ಜಿ ಸಲ್ಲಿಸು’ ಎಂಬ ಕೆಲಸಗಳು ಮಾತ್ರ. ಹೆಚ್ಚಿನ ತಂಡಗಳು ಇಲ್ಲಿಗೇ ನಿಲ್ಲುತ್ತವೆ. ಸಾಫ್ಟ್‌ವೇರ್ ವಿನ್ಯಾಸದ ಬಗ್ಗೆ ಬರೆಯುವ ಮಾರ್ಟಿನ್ ಫೌಲರ್ ಈ ವಿಧಾನದ ಬಗ್ಗೆ 2013ರಲ್ಲಿ ಬರೆದಾಗಲೇ, ಇಡೀ ಪುಟಕ್ಕೊಂದರಂತೆ ಮಾಡುವುದಕ್ಕಿಂತ ಪುಟದ ಮುಖ್ಯ ಭಾಗಗಳಿಗೆ ಒಂದೊಂದರಂತೆ ಮಾಡಬೇಕೆಂದು ಹೇಳಿದ್ದರು. ಹೆಸರಿನಲ್ಲಿ ಪೇಜ್ ಇರುವುದರಿಂದಲೋ ಏನೋ, ಆ ಮಾತು ಯಾರ ಕಿವಿಗೂ ಬಿದ್ದಂತಿಲ್ಲ. ಲೊಕೇಟರ್ ಒಂದು ಜಾಗಕ್ಕೆ ಬಂತು, ಸರಿ. ಆದರೆ ಡ್ರಾಪ್‌ಡೌನ್ ತೆರೆಯುವುದು ಹೇಗೆ, ದಿನಾಂಕ ತುಂಬುವುದು ಹೇಗೆ ಎಂಬ ಬುದ್ಧಿ ಪ್ರತಿ ಪುಟದ ಕ್ಲಾಸಿನಲ್ಲೂ ಮತ್ತೆ ಮತ್ತೆ ನಕಲಾಗುತ್ತಲೇ ಇರುತ್ತದೆ. ನಾನು ಹೇಳುತ್ತಿರುವುದು ಇದರ ಮುಂದಿನ ಹೆಜ್ಜೆಯನ್ನು: ಎಲಿಮೆಂಟಿನ ಬಗೆಗೊಂದು ವ್ರ್ಯಾಪರ್, ಅಂದರೆ ಅದನ್ನು ಬಳಸುವ ಬುದ್ಧಿಯನ್ನೆಲ್ಲ ತನ್ನೊಳಗೆ ಸುತ್ತಿಟ್ಟುಕೊಂಡ ಕ್ಲಾಸ್. ಚೆಕ್‌ಬಾಕ್ಸಿಗೆ ಒಂದು ಕ್ಲಾಸ್, ಡ್ರಾಪ್‌ಡೌನಿಗೆ ಒಂದು, ದಿನಾಂಕಕ್ಕೆ ಒಂದು, ಕೋಷ್ಟಕಕ್ಕೆ ಒಂದು.

ಚೆಕ್‌ಬಾಕ್ಸಿಗೂ ಕ್ಲಾಸೇ ಎಂದು ನಗುವವರಿದ್ದಾರೆ. ಕ್ಲಿಕ್ ಎಂದರೆ ಇದ್ದ ಟಿಕ್ ಹೋಗುತ್ತದೆ, ಇಲ್ಲದಿದ್ದರೆ ಬರುತ್ತದೆ. ‘ಷರತ್ತುಗಳನ್ನು ಒಪ್ಪಿದ್ದೇನೆ’ ಎಂಬ ಪೆಟ್ಟಿಗೆಗೆ ಟೆಸ್ಟು ಕಣ್ಣುಮುಚ್ಚಿ ಕ್ಲಿಕ್ ಮಾಡುತ್ತದೆ. ಪುಟ ಹಿಂದಿನ ಆಯ್ಕೆಯನ್ನು ನೆನಪಿಟ್ಟುಕೊಳ್ಳಲು ಕಲಿತ ದಿನ ಅದೇ ಕ್ಲಿಕ್ ಟಿಕ್ ತೆಗೆಯುತ್ತದೆ. ವ್ರ್ಯಾಪರಿನಲ್ಲಿ ‘ಟಿಕ್ ಇರಲಿ’ ಎಂಬ ಕ್ರಿಯೆ ಇದ್ದರೆ, ಅದು ಮೊದಲು ಸ್ಥಿತಿ ನೋಡಿ ಬೇಕಾದರೆ ಮಾತ್ರ ಒತ್ತುತ್ತದೆ. ಪಠ್ಯದ ಪೆಟ್ಟಿಗೆಯದೂ ಇದೇ ಕಥೆ. ಸೆಲೆನಿಯಂನ ಸೆಂಡ್‌ಕೀಸ್ ಎಂಬ ಅಕ್ಷರ ಒತ್ತುವ ಆಜ್ಞೆ ಇದ್ದ ಅಕ್ಷರಗಳ ಕೊನೆಗೆ ಹೊಸದನ್ನು ಸೇರಿಸುತ್ತದೆಯೇ ಹೊರತು ಹಳೆಯದನ್ನು ಅಳಿಸುವುದಿಲ್ಲ.

ಡ್ರಾಪ್‌ಡೌನ್ ಇನ್ನೂ ದೊಡ್ಡ ತಲೆನೋವು. ಎಚ್‌ಟಿಎಂಎಲ್‌ನ ಸ್ವಂತ ಸೆಲೆಕ್ಟ್ ಟ್ಯಾಗ್ ಆದರೆ ಸೆಲೆನಿಯಂ ಬಳಿಯೇ ಸೆಲೆಕ್ಟ್ ಎಂಬ ಕ್ಲಾಸ್ ಇದೆ. ಅದೂ ಒಂದು ವ್ರ್ಯಾಪರೇ, ಬೇರೆ ಟ್ಯಾಗ್ ಕೊಟ್ಟರೆ ಮುಲಾಜಿಲ್ಲದೆ ಎರರ್ ಎಸೆಯುತ್ತದೆ. ಆದರೆ ಇವತ್ತು ನಮ್ಮ ಕಣ್ಣಿಗೆ ಬೀಳುವ ಚೆಂದದ ಡ್ರಾಪ್‌ಡೌನ್‌ಗಳಲ್ಲಿ ಎಷ್ಟೋ ಬರೀ ಡಿವ್‌ಗಳ ರಾಶಿ. ಒತ್ತುವ ತನಕ ಪಟ್ಟಿ ಪುಟದಲ್ಲಿ ಇರುವುದೇ ಇಲ್ಲ. ಒತ್ತಿದ ಮೇಲೆ ಹುಟ್ಟಿದರೂ ಪೆಟ್ಟಿಗೆಯ ಪಕ್ಕದಲ್ಲೇ ಹುಟ್ಟಬೇಕೆಂದಿಲ್ಲ. ಕೆಲವು ಲೈಬ್ರರಿಗಳು (ಡೆವಲಪರ್ ಬಳಸುವ ಸಿದ್ಧ ಕೋಡಿನ ಕಟ್ಟುಗಳು) ಅದನ್ನು ತಂದು ಬಾಡಿ ಟ್ಯಾಗಿನ ತುದಿಗೆ ಅಂಟಿಸುತ್ತವೆ. ನೂರಾರು ಹೆಸರುಗಳಿದ್ದರೆ ಕಣ್ಣಿಗೆ ಕಾಣುವಷ್ಟು ಸಾಲುಗಳು ಮಾತ್ರ ನಿಜವಾಗಿ ಇರುತ್ತವೆ, ಉಳಿದವು ಕೆಳಗೆ ಸರಿಸಿದಂತೆ ಹುಟ್ಟುತ್ತ ಹೋಗುತ್ತವೆ.

ಒಂದು ಪ್ರಾಜೆಕ್ಟಿಗೆ ನಾನು ಸೇರಿದಾಗ ಇಂಥದ್ದೇ ಒಂದು ಡ್ರಾಪ್‌ಡೌನ್ ಅನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ತೆರೆಯುತ್ತಿದ್ದರು. ಒಬ್ಬರ ಸ್ಕ್ರಿಪ್ಟು ಕ್ಲಿಕ್ ಮಾಡಿ ಎರಡು ಸೆಕೆಂಡ್ ನಿದ್ದೆ ಮಾಡುತ್ತಿತ್ತು. ಇನ್ನೊಬ್ಬರದು ಹೆಸರಿನ ಮೊದಲ ಅಕ್ಷರಗಳನ್ನು ಟೈಪ್ ಮಾಡಿ ಎಂಟರ್ ಒತ್ತುತ್ತಿತ್ತು; ಮೇಲೆ ಯಾವುದು ಬಂದಿತ್ತೋ ಅದು ಆಯ್ಕೆಯಾಗುತ್ತಿತ್ತು. ಮತ್ತೊಬ್ಬರದು ಹೆಸರನ್ನು ನೋಡುವ ಗೋಜಿಗೇ ಹೋಗದೆ ಮೂರನೆಯ ಸಾಲನ್ನು ಒತ್ತಿಬಿಡುತ್ತಿತ್ತು. ಇವೆಲ್ಲವನ್ನೂ ತೆಗೆದು ಒಂದೇ ಕ್ಲಾಸ್ ಮಾಡಿದೆವು. ಹೊರಗಿನವರಿಗೆ ಕಾಣುವುದು ‘ಈ ಹೆಸರನ್ನು ಆರಿಸು’ ಎಂಬ ಒಂದೇ ಕ್ರಿಯೆ. ಒಳಗೆ ಅದು ಪೆಟ್ಟಿಗೆ ತೆರೆಯುತ್ತದೆ, ಪಟ್ಟಿ ಬರುವ ತನಕ ಕಾಯುತ್ತದೆ, ಪೂರ್ತಿ ಹೆಸರು ಹೊಂದುವ ಸಾಲನ್ನೇ ಒತ್ತುತ್ತದೆ, ಪಟ್ಟಿ ಮುಚ್ಚಿದ್ದನ್ನು ನೋಡುತ್ತದೆ, ಕೊನೆಗೆ ಪೆಟ್ಟಿಗೆಯಲ್ಲಿ ಅದೇ ಹೆಸರು ಕೂತಿದೆಯೇ ಎಂದು ಓದುತ್ತದೆ. ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಬಿಟ್ಟರೆ ಆಯ್ಕೆ ಇಲ್ಲಿ ತಪ್ಪಿರುತ್ತದೆ, ಟೆಸ್ಟು ಬೀಳುವುದು ಮೂರು ಪುಟ ದಾಟಿದ ಮೇಲೆ. ಹುಡುಕುವವರ ಗತಿ ಕೇಳಬೇಡಿ. ಮುಂದೊಂದು ದಿನ ಡೆವಲಪರ್‌ಗಳು ಆ ಲೈಬ್ರರಿಯನ್ನೇ ಬದಲಿಸಿದರು. ಡ್ರಾಪ್‌ಡೌನ್ ವಿಷಯದಲ್ಲಿ ನಾವು ಬದಲಿಸಬೇಕಾಗಿ ಬಂದದ್ದು ಆ ಒಂದು ಫೈಲನ್ನು.

ದಿನಾಂಕದ ಪೆಟ್ಟಿಗೆಯೂ ಹೀಗೇ ಕಾಡುತ್ತದೆ. ಬ್ರೌಸರಿನ ಸ್ವಂತ ದಿನಾಂಕ ಪೆಟ್ಟಿಗೆಗೆ ಅಂಕಿ ಒತ್ತುತ್ತ ಹೋದರೆ, ದಿನ ಮೊದಲೋ ತಿಂಗಳು ಮೊದಲೋ ಎಂಬುದು ಆ ಯಂತ್ರದ ಭಾಷಾ ಸೆಟ್ಟಿಂಗ್ ಮೇಲೆ ನಿಂತಿರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಜೂನ್ 5 ಆಗಿದ್ದು ಸರ್ವರಿನಲ್ಲಿ ಮೇ 6 ಆಗುತ್ತದೆ, ಎರಡೂ ಸರಿಯಾದ ದಿನಾಂಕಗಳೇ ಆದ್ದರಿಂದ ಯಾರೂ ಚಕಾರ ಎತ್ತುವುದಿಲ್ಲ. ಈ ಗೊಂದಲ ಕ್ಲಾಸಿನೊಳಗೇ ಇತ್ಯರ್ಥವಾಗಲಿ, ಟೆಸ್ಟ್ ಬರೆಯುವವರ ತನಕ ಬರುವುದು ಬೇಡ.

ಇನ್ನು ವ್ರ್ಯಾಪರ್ ಬರೆಯುವವರಲ್ಲೂ ಹೆಚ್ಚಿನವರು ಎಡವುವ ಜಾಗ. ಅಂಕಣಕಾರರು ‘ಕಾರಣವೇ ಇಲ್ಲದೆ ಬರುವ ಎರರ್’ ಎಂದು ಗೇಲಿ ಮಾಡಿದ ಸ್ಟೇಲ್ ಎಲಿಮೆಂಟ್ ಇದೇ. ಡ್ರೈವರಿಗೆ, ಅಂದರೆ ಬ್ರೌಸರಿಗೆ ನಮ್ಮ ಆಜ್ಞೆ ಮುಟ್ಟಿಸುವ ಪ್ರೋಗ್ರಾಮಿಗೆ, ಎಲಿಮೆಂಟ್ ಹುಡುಕು ಎಂದಾಗ ಅದು ನಮ್ಮ ಕೈಗೆ ಎಲಿಮೆಂಟನ್ನು ಕೊಡುವುದಿಲ್ಲ, ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಆ ಕ್ಷಣ ಪುಟದಲ್ಲಿದ್ದ ಆ ಒಂದು ತುಂಡಿಗೆ, ಅಂದರೆ ನೋಡ್‌ಗೆ ಮಾತ್ರ ಸೇರಿದ್ದು. ರಿಯಾಕ್ಟ್‌ನಂಥ ಪುಟ ಕಟ್ಟುವ ಲೈಬ್ರರಿ ಪುಟದ ಆ ಭಾಗವನ್ನು ಮತ್ತೆ ಬರೆಯುವಾಗ ಹಳೆ ನೋಡ್ ಕಿತ್ತು ಹೊಸದನ್ನು ಇಟ್ಟಿತೆನ್ನಿ. ಕಣ್ಣಿಗೆ ಅದೇ ಬಟನ್, ಅದೇ ಬಣ್ಣ, ಅದೇ ಜಾಗ. ಸಂಖ್ಯೆ ಮಾತ್ರ ಸತ್ತಿರುತ್ತದೆ. ವ್ರ್ಯಾಪರ್ ಹುಟ್ಟುವಾಗಲೇ ಎಲಿಮೆಂಟ್ ಹುಡುಕಿ ಜೇಬಿನಲ್ಲಿಟ್ಟುಕೊಂಡರೆ ಈ ಎರರ್ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ವ್ರ್ಯಾಪರ್ ಇಟ್ಟುಕೊಳ್ಳಬೇಕಾದ್ದು ಲೊಕೇಟರನ್ನು. ಜಾತ್ರೆಯಲ್ಲಿ ಒಬ್ಬರ ಕೈ ಹಿಡಿದು ನಿಲ್ಲುವುದಕ್ಕೂ ಅವರ ಮನೆ ವಿಳಾಸ ಬರೆದಿಟ್ಟುಕೊಳ್ಳುವುದಕ್ಕೂ ಇರುವ ವ್ಯತ್ಯಾಸವಿದು. ಪ್ರತಿ ಸಲ ಕ್ಲಿಕ್ ಎಂದಾಗ ಆಗಲೇ ಹೋಗಿ ಹುಡುಕಲಿ. ನಿಧಾನವಾಗುತ್ತದೆ ಎಂದು ಆಕ್ಷೇಪಿಸುವವರು ಇದ್ದಾರೆ. ಹೌದು, ಡ್ರೈವರಿಗೆ ಒಂದು ಕೋರಿಕೆ ಹೆಚ್ಚು ಹೋಗುತ್ತದೆ. ಬಿದ್ದ ಟೆಸ್ಟನ್ನು ರಿರನ್ ಮಾಡುವ ಸಮಯದ ಮುಂದೆ ಅದು ಯಾವ ಲೆಕ್ಕ!

ಕಾಯುವುದೂ ವ್ರ್ಯಾಪರಿನ ಕೆಲಸವೇ. ಸೆಲೆನಿಯಂನಲ್ಲಿ ನಾವಾಗಿ ಏನೂ ಹೇಳದಿದ್ದರೆ ಹುಡುಕಾಟ ಒಂದಿಷ್ಟೂ ಕಾಯುವುದಿಲ್ಲ, ಸಿಕ್ಕರೆ ಸಿಕ್ಕಿತು. ಇಷ್ಟು ಹೊತ್ತು ಕಾಯಿ ಎಂದು ಮೊದಲೇ ಹೇಳಿಟ್ಟರೆ ಪ್ರತಿ ಹುಡುಕಾಟವೂ ಅಷ್ಟರ ತನಕ ಕಾಯುತ್ತದೆ. ವೆಬ್‌ಡ್ರೈವರ್‌ವೇಟ್ ಬಳಸಿದರೆ, ನಾವು ಹೇಳಿದ್ದು ಆಯಿತೇ ಎಂದು ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ. ಈ ಎರಡು ಬಗೆಯ ಕಾಯುವಿಕೆಯನ್ನು ಬೆರೆಸಬೇಡಿ ಎಂದು ಸೆಲೆನಿಯಂನವರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ. ಟೆಸ್ಟಿನೊಳಗೆ ಥ್ರೆಡ್ ಸ್ಲೀಪ್ (ಇಂತಿಷ್ಟು ಹೊತ್ತು ಸುಮ್ಮನೆ ನಿಲ್ಲು ಎಂಬ ಆಜ್ಞೆ) ಕಂಡರೆ ನಾನು ರಿವ್ಯೂ ಮುಂದುವರಿಸುವುದಿಲ್ಲ, ಆ ಕಾಯುವ ಕೆಲಸವನ್ನು ಸಂಬಂಧಪಟ್ಟ ವ್ರ್ಯಾಪರಿಗೆ ಸಾಗಿಸಿ ಬನ್ನಿ ಎನ್ನುತ್ತೇನೆ. ನಿಷ್ಠುರ ಎನ್ನುತ್ತಾರೆ, ಅನ್ನಲಿ.

ಇಷ್ಟೆಲ್ಲ ಹೊಗಳಿದೆನೆಂದು ವ್ರ್ಯಾಪರ್ ಎಂದರೆ ಎಲ್ಲ ಗಾಯಕ್ಕೂ ಬ್ಯಾಂಡೇಜು ಎಂದುಕೊಳ್ಳಬಾರದು. ಅತಿ ಅಪಾಯದ ಕೋಡನ್ನೂ ನಾನು ನೋಡಿದ್ದು ವ್ರ್ಯಾಪರ್‌ಗಳ ಒಳಗೇ. ಅದು ಹೀಗಿರುತ್ತದೆ: ಮೊದಲು ಮಾಮೂಲಿ ಕ್ಲಿಕ್ ಮಾಡು, ಎರರ್ ಬಂದರೆ ಹಿಡಿದು ನುಂಗು, ಜಾವಾಸ್ಕ್ರಿಪ್ಟ್ ಮೂಲಕ ಕ್ಲಿಕ್ ಮಾಡು, ಅದೂ ಆಗದಿದ್ದರೆ ಸುಮ್ಮನಿರು. ಸೆಲೆನಿಯಂನ ಮಾಮೂಲಿ ಕ್ಲಿಕ್ ಎಲಿಮೆಂಟಿನ ಮಧ್ಯಕ್ಕೆ ಹೋಗಿ, ಅಲ್ಲಿ ಬೇರೇನಾದರೂ ಅಡ್ಡ ನಿಂತಿದ್ದರೆ ತಕರಾರು ತೆಗೆಯುತ್ತದೆ. ಜಾವಾಸ್ಕ್ರಿಪ್ಟ್ ಕ್ಲಿಕ್ಕಿಗೆ ಆ ಹಂಗಿಲ್ಲ, ಮೇಲೆ ಏನು ಮುಚ್ಚಿದ್ದರೂ ನೇರ ಒಳಗೆ ಹೋಗುತ್ತದೆ. ಕುಕೀ ಅನುಮತಿ ಕೇಳುವ ಪಟ್ಟಿ ‘ಪಾವತಿಸು’ ಬಟನ್ನಿನ ಮೇಲೆ ಕೂತಿದೆ ಎಂದುಕೊಳ್ಳಿ. ಮನುಷ್ಯರು ಯಾರೂ ಆ ಬಟನ್ ಒತ್ತಲಾರರು. ಟೆಸ್ಟು ಮಾತ್ರ ಹಸಿರು. ಕಂಪನಿಯವರು ಹಸಿರು ನೋಡಿ ಬಿಡುಗಡೆ ಮಾಡುತ್ತಾರೆ, ದೂರು ಗ್ರಾಹಕರಿಂದ ಬರುತ್ತದೆ. ಆಗಾಗ ಬೀಳುವ ಟೆಸ್ಟಿಗಿಂತ ಇಂಥ ಟೆಸ್ಟು ಕೆಟ್ಟದ್ದು, ಬಿದ್ದದ್ದಾದರೂ ಏನೋ ಸರಿಯಿಲ್ಲ ಎಂದು ಹೇಳುತ್ತದೆ. ವ್ರ್ಯಾಪರ್ ಕಾಯಲಿ, ಮತ್ತೆ ಹುಡುಕಲಿ, ಆದರೆ ಬಳಕೆದಾರರಿಂದ ಆಗದ್ದನ್ನು ತಾನು ಮಾಡದಿರಲಿ. ಸೋತಾಗ ಯಾವ ಪುಟದ ಯಾವ ಪೆಟ್ಟಿಗೆ, ಏನನ್ನು ಕಾಯುತ್ತಿದ್ದೆ, ಬದಲಿಗೆ ಏನು ಕಂಡೆ ಎಂದು ಬಾಯಿಬಿಟ್ಟು ಹೇಳಲಿ.

ಸಂಬಂಧ ಸ್ವಲ್ಪ ದೂರದ್ದಾದರೂ ಒಂದು ಮಾತು. ಲೊಕೇಟರ್ ಆಗಿ ಏನನ್ನು ಆರಿಸಬೇಕು ಎಂದು ಹೊಸಬರು ಕೇಳುತ್ತಾರೆ. ನನ್ನ ಮೊದಲ ಆಯ್ಕೆ ಬಳಕೆದಾರರಿಗೆ ಗೊತ್ತಾಗುವ ಲೇಬಲ್ ಮತ್ತು ಪಾತ್ರ: ‘ಉಳಿಸು’ ಎಂಬ ಹೆಸರಿನ ಬಟನ್, ‘ಜನ್ಮದಿನಾಂಕ’ ಎಂಬ ಲೇಬಲ್ಲಿನ ಪೆಟ್ಟಿಗೆ. ಅದು ಸಾಧ್ಯವಾಗದಿದ್ದರೆ ಡೆವಲಪರ್ ಹತ್ತಿರ ಟೆಸ್ಟಿಗೆಂದೇ ಇಡುವ ಗುರುತು, ಅಂದರೆ ಡೇಟಾ ಟೆಸ್ಟ್‌ಐಡಿ ಹಾಕಿಸಿಕೊಳ್ಳಬಹುದು. ಪೆಟ್ಟಿಗೆಗೂ ಲೇಬಲ್ಲಿಗೂ ಕೋಡಿನಲ್ಲಿ ಕೊಂಡಿ ಇಲ್ಲದಿದ್ದರೆ ವ್ರ್ಯಾಪರಿಗೆ ಅದು ಸಿಗುವುದಿಲ್ಲ. ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ಕೂಡ ಅಲ್ಲೇ ತಡವರಿಸುತ್ತದೆ. ಲೇಬಲ್ ಕೊಂಡಿ ಹಾಕಿಕೊಡಿ ಎಂದು ಕೇಳಿದಾಗ ಮುಖ ಸಿಂಡರಿಸಿದ ಡೆವಲಪರ್‌ಗಳೂ ಈ ಎರಡನೆಯ ಕಾರಣ ಹೇಳಿದ ಮೇಲೆ ಹಾಕಿಕೊಟ್ಟದ್ದಿದೆ.

ಹೊಸ ಉಪಕರಣದ ವಿಷಯದಲ್ಲಿ ಅಂಕಣಕಾರರ ಮಾತು ಅರ್ಧ ಸರಿ. 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಬ್ರೌಸರ್ ಟೆಸ್ಟ್ ಉಪಕರಣ ಪ್ಲೇರೈಟ್‌ನಲ್ಲಿ ಲೊಕೇಟರ್ ಎಂಬುದೇ ಒಂದು ಒಳ್ಳೆಯ ವ್ರ್ಯಾಪರ್. ಪ್ರತಿ ಸಲ ಹೊಸದಾಗಿ ಹುಡುಕುತ್ತದೆ. ಕ್ಲಿಕ್ಕಿಗೆ ಮೊದಲು ಎಲಿಮೆಂಟ್ ಕಾಣುತ್ತಿದೆಯೇ, ಅಲುಗಾಡದೆ ನಿಂತಿದೆಯೇ, ಚಾಲೂ ಇದೆಯೇ, ಏನಾದರೂ ಅದನ್ನು ಮುಚ್ಚಿದೆಯೇ ಎಂದು ನೋಡುತ್ತದೆ. ಒಂದರ ಬದಲು ಎರಡು ಬಟನ್ ಸಿಕ್ಕರೆ ಊಹೆ ಮಾಡದೆ ನಿಂತುಬಿಡುತ್ತದೆ. ಚೆಕ್‌ಬಾಕ್ಸಿನ ಸ್ಥಿತಿ ನೋಡಿಯೇ ಒತ್ತುವ ಕ್ರಿಯೆಯೂ ಅದರಲ್ಲಿದೆ. ಇಷ್ಟಿದ್ದ ಮೇಲೆ ಅದರ ಕ್ಲಿಕ್ಕಿಗೆ ಮತ್ತೊಂದು ಕ್ಲಿಕ್ ಸುತ್ತುವುದು ದಂಡ. ಬೇಸ್ ಎಲಿಮೆಂಟ್, ಅದರ ಮಗ ಕ್ಲಿಕ್ ಆಗಬಲ್ಲ ಎಲಿಮೆಂಟ್, ಅದರ ಮಗ ಬಟನ್, ಅದರ ಮಗ ಉಳಿಸುವ ಬಟನ್ ಎಂದು ವಂಶವೃಕ್ಷ ಬೆಳೆಸುವವರನ್ನೂ ಕಂಡಿದ್ದೇನೆ. ಅಲ್ಲಿ ಒಂದು ಕ್ಲಿಕ್ ಎಲ್ಲಿ ನಡೆಯುತ್ತದೆಂದು ಹುಡುಕಲು ಆರು ಫೈಲು ತೆರೆಯಬೇಕು. ಆದರೆ ನಮ್ಮ ಕಂಪನಿಯ ದಿನಾಂಕ ಪೆಟ್ಟಿಗೆಯಲ್ಲಿ ವರ್ಷ ಬದಲಿಸಲು ತಲೆಬರಹದ ಮೇಲೆ ಎರಡು ಸಲ ಒತ್ತಬೇಕು ಎಂಬುದು ಪ್ಲೇರೈಟಿಗೂ ಗೊತ್ತಿಲ್ಲ, ಸೆಲೆನಿಯಂಗೂ ಗೊತ್ತಿಲ್ಲ. ಅದನ್ನು ಯಾರಾದರೂ ಒಂದು ಕಡೆ ಬರೆದಿಡಲೇಬೇಕು.

ಆದ್ದರಿಂದ ಅಂಕಣಕಾರರಲ್ಲಿ ಒಂದು ಕೋರಿಕೆ. ಮುಂದಿನ ಕಂತಿನಲ್ಲಿ ಉಪಕರಣಗಳ ಹೋಲಿಕೆ ಪಟ್ಟಿ ಕೊಡುವ ಬದಲು, ಡಿವ್‌ಗಳಿಂದ ಕಟ್ಟಿದ ಒಂದು ಡ್ರಾಪ್‌ಡೌನ್ ತೆಗೆದುಕೊಂಡು ಎರಡೂ ಉಪಕರಣಗಳಲ್ಲಿ ಅದಕ್ಕೊಂದು ಕ್ಲಾಸ್ ಬರೆದು ತೋರಿಸಲಿ. ಪಟ್ಟಿ ತಡವಾಗಿ ಬರುವಂಥದ್ದನ್ನೇ ಆರಿಸಲಿ. ಹೊಸ ಉಪಕರಣದಿಂದ ಯಾವ ಸಾಲುಗಳು ಉಳಿತಾಯವಾದವು, ಯಾವುವನ್ನು ಎರಡರಲ್ಲೂ ಬರೆಯಬೇಕಾಯಿತು ಎಂಬುದನ್ನು ಓದುಗರೇ ನೋಡಿಕೊಳ್ಳುತ್ತಾರೆ.

ಇತಿ,
ಒಬ್ಬ ಟೆಸ್ಟ್ ಎಂಜಿನಿಯರ್