ಮಂಜೇಶ್ವರದ ಶಾಸಕರಿಗೆ: ಹುಡುಗನ ಮನೆಗೆ ಕನ್ನಡ ಬಲ್ಲವರನ್ನು ಕಳುಹಿಸಿ

ಮಾನ್ಯ ಶಾಸಕರೇ,

2025ರಲ್ಲಿ ಬಂದ ‘ಅಡಾಲಸೆನ್ಸ್’ ಎಂಬ ಬ್ರಿಟಿಷ್ ಸರಣಿಯನ್ನು ತಾವು ನೋಡಿದ್ದೀರೋ ಗೊತ್ತಿಲ್ಲ. ನಾಲ್ಕೇ ಕಂತು. ಶಾಲೆಯ ಹುಡುಗಿಯೊಬ್ಬಳನ್ನು ಕೊಂದ ಆರೋಪದಲ್ಲಿ 13 ವರ್ಷದ ಹುಡುಗನನ್ನು ಪೊಲೀಸರು ಹಿಡಿದೊಯ್ಯುತ್ತಾರೆ. ಕೊಂದದ್ದು ಯಾರೆಂಬ ಕುತೂಹಲ ಮೊದಲ ಕಂತಿಗೇ ಮುಗಿಯುತ್ತದೆ, ಯಾಕೆ ಎಂಬುದು ಉಳಿಯುತ್ತದೆ. ಮೂರನೇ ಕಂತು ಹೆಚ್ಚುಕಡಿಮೆ ಪೂರ್ತಿ ಒಂದು ಕೋಣೆ, ಆ ಹುಡುಗ, ಒಬ್ಬ ಮನಃಶಾಸ್ತ್ರಜ್ಞೆ. ಅಪ್ಪ ಹೇಗೆ, ಅಜ್ಜ ಹೇಗೆ, ಗೆಳೆಯರು ಯಾರು ಎಂದು ಆಕೆ ಕೆದಕುತ್ತಾಳೆ. ಅವನು ನಗುತ್ತಾನೆ, ರೇಗುತ್ತಾನೆ, ಜಾರಿಕೊಳ್ಳುತ್ತಾನೆ. ಇಬ್ಬರದೂ ಒಂದೇ ಭಾಷೆಯಾದ್ದರಿಂದ ಒಂದು ತಡವರಿಕೆಯೂ ಅವಳ ಕಿವಿ ತಪ್ಪಿಸಿಕೊಳ್ಳುವುದಿಲ್ಲ.

ನಮ್ಮ ಕಾನೂನಿನಲ್ಲೂ ಅಂಥ ವಿಚಾರಣೆ ಇದೆ. 2015ರ ಬಾಲನ್ಯಾಯ ಕಾಯ್ದೆಯಂತೆ, ಅಪರಾಧದ ಆರೋಪ ಹೊತ್ತ ಹುಡುಗನನ್ನು ಬಾಲನ್ಯಾಯ ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ 15 ದಿನದೊಳಗೆ ಪ್ರೊಬೇಷನ್ ಆಫೀಸರ್, ಅಂದರೆ ಅವನ ಮನೆ, ಹಿನ್ನೆಲೆ ವಿಚಾರಿಸುವ ಅಧಿಕಾರಿ, ಸಾಮಾಜಿಕ ತನಿಖಾ ವರದಿ ಕೊಡಬೇಕು. ಅಪ್ಪ ಅಮ್ಮ ಹೊಂದಿಕೊಂಡಿದ್ದಾರೆಯೇ, ಶಾಲೆ ಬಿಟ್ಟದ್ದು ಯಾಕೆ, ಮನೆಯಲ್ಲಿ ಹಿಂಸೆ ಇತ್ತೇ, ಯಾರ ಸಹವಾಸ, ಎಲ್ಲವೂ ಅದರಲ್ಲಿ ಬರಬೇಕು.

ಇನ್ನು ಕೇರಳಕ್ಕೆ ಸೇರಿದ ನಮ್ಮ ಕಡೆಯ ಒಂದು ಮನೆಯ ಸಂಗತಿ. ಊರು ಹೇಳಲಾರೆ, ಇಂಥ ಮಕ್ಕಳ ಗುರುತು ಬಯಲು ಮಾಡಬಾರದೆಂದು ಅದೇ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಮನೆಮಾತು ತುಳು, ಹುಡುಗ ಕಲಿತದ್ದು ಕನ್ನಡ ಮೀಡಿಯಂ. ಕಳ್ಳ ಹೊಯ್ಗೆ (ಮರಳು) ಸಾಗಿಸುವ ಲಾರಿಯ ಮುಂದೆ ಬೈಕಿನಲ್ಲಿ ಹೋಗಿ ಪೊಲೀಸರಿದ್ದಾರೋ ಎಂದು ನೋಡಿ ಹೇಳುವ ಕೆಲಸದಿಂದ ಅವನ ದಾರಿ ತಪ್ಪಿತು, ಕೊನೆಗೆ ಹೊಡೆದಾಟಕ್ಕೆ ಮುಟ್ಟಿತು. ವಿಚಾರಿಸಲು ಬಂದವರಿಗೆ ಮಲಯಾಳ ಮಾತ್ರ ಗೊತ್ತು. ಅಮ್ಮನಿಗೆ ಗೊತ್ತಿದ್ದ ಮಲಯಾಳ ಪೇಟೆಯಿಂದ ಸಾಮಾನು ತರುವಷ್ಟು. ಪಕ್ಕದ ಮನೆಯವರನ್ನೇ ಕರೆದು ಮಾತು ದಾಟಿಸಿದರು. ಗಂಡ ಕುಡಿದು ಬಂದು ಮಗನನ್ನು ಬೆಲ್ಟಿನಲ್ಲಿ ಬಾರಿಸುತ್ತಿದ್ದ ಎಂದು ಯಾವ ಹೆಂಗಸು ನೆರೆಯವರ ಬಾಯಲ್ಲಿ ಸರ್ಕಾರಕ್ಕೆ ಹೇಳಿಸಿಯಾಳು? ‘ಮನೆಯಲ್ಲಿ ತೊಂದರೆ ಎಂತದೂ ಇಲ್ಲ’ ಎಂದಳು. ಬರೆದುಕೊಂಡು ಹೋದರು. ಆ ಪೆಟ್ಟಿನ ಸದ್ದು ಬೇಲಿಯಾಚೆಗಿನ ನಮಗೆಲ್ಲ ವರ್ಷಗಟ್ಟಲೆ ಕೇಳಿದ್ದೇ.

ಹುಡುಗನನ್ನು ಸುಮ್ಮನೆ ಬಿಟ್ಟುಬಿಡಿ ಎನ್ನುತ್ತಿಲ್ಲ. ಅವನ ಕೈಯಲ್ಲಿ ಪೆಟ್ಟು ತಿಂದವರೂ ನಮ್ಮವರೇ. ಅಪ್ಪನ ಹೊಡೆತ ತಿಂದ ಮಕ್ಕಳೆಲ್ಲ ಹೀಗಾಗುವುದಿಲ್ಲ ಎಂಬುದು ಅಧ್ಯಾಪಕನಾಗಿದ್ದ ನನಗೆ ಚೆನ್ನಾಗಿ ಗೊತ್ತು. ಆದರೆ ಆ ಅಪ್ಪ ಇರುವ ಮನೆಗೇ ಅವನನ್ನು ವಾಪಸು ಕಳುಹಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಆ ವರದಿಯನ್ನು ತಾನೇ ನೋಡುವುದು?

ಕಲಾಪದ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕೆಂದು ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿದೆ. ಮನೆಯ ಜಗಲಿಯಲ್ಲಿ ನಡೆಯುವ ವಿಚಾರಣೆಗೂ ಅದು ಬೇಕು. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳ ಲೋಕಸೇವಾ ಆಯೋಗ (ಪಿಎಸ್‌ಸಿ) ಗುಮಾಸ್ತರ ಹುದ್ದೆ ಕರೆಯುತ್ತದೆ. ಅರ್ಜಿಗೆ ಸೀಲು ಹೊಡೆಯಲು ಬೇಕಾದ ಕನ್ನಡ ಒಬ್ಬ ಹುಡುಗನ ಬದುಕು ವಿಚಾರಿಸಲು ಬೇಡವೇ? ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪ್ರೊಬೇಷನ್ ಕೆಲಸಕ್ಕೂ ಅಂಥವರನ್ನೇ ನೇಮಿಸಲಿ. ಅಲ್ಲಿಯವರೆಗೆ ಸಂಬಳ ಕೊಟ್ಟು ದುಭಾಷಿಯನ್ನು ಕಳುಹಿಸಲಿ, ಅವರು ಬೇರೆ ಊರಿನವರಾಗಿರಲಿ, ಕೇಳಿದ್ದನ್ನು ಹೊರಗೆ ಆಡದವರಾಗಿರಲಿ.

ಈ ಜಿಲ್ಲೆಯಲ್ಲಿ ಕನ್ನಡ ಅಥವಾ ತುಳು ಬಲ್ಲ ಪ್ರೊಬೇಷನ್ ಆಫೀಸರುಗಳು ಎಷ್ಟು ಜನ ಎಂದು ಮುಂದಿನ ಅಧಿವೇಶನದಲ್ಲಿ ಪ್ರಶ್ನೆ ಹಾಕಿ. ಉತ್ತರ ಬಂದ ಮೇಲೆ ಅದರ ಕನ್ನಡ ಪ್ರತಿಯೊಂದನ್ನು ನಮ್ಮ ಪಂಚಾಯತುಗಳಿಗೂ ಕಳುಹಿಸಿಕೊಡಿ.

ಇತಿ,
ಕನ್ನಡ ಮಾಧ್ಯಮದ ಒಬ್ಬ ನಿವೃತ್ತ ಅಧ್ಯಾಪಕ
ಮಂಜೇಶ್ವರ ತಾಲೂಕು