ಇನ್ನು ಪ್ರತಿ ಬಾಗಿಲಿಗೂ ಒಂದು ಚೀಟಿ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮುಂಬೈ ಕುರ್ಲಾದ ನಮ್ಮ ಹಳೇ ಸಾಮಾನಿನ ವಖಾರಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಕೆಡವಿದ ಚಾಳುಗಳ (ಹಳೇ ವಠಾರಗಳ) ಬಾಗಿಲು, ಕಿಟಕಿ, ತೊಲೆ, ಗರ್ಡರ್ ಎಲ್ಲ ಒಂದೇ ರಾಶಿ. ನಾವು ಒಂದು ರೇಟು ಹೇಳುತ್ತೇವೆ, ನೀವು ಅದರ ಅರ್ಧ ಹೇಳುತ್ತೀರಿ. ಚಹಾ ಮುಗಿಯುವಷ್ಟರಲ್ಲಿ ಸೌದಾ ಮುಗಿಯುತ್ತದೆ. ಬರುವ ತಿಂಗಳ 1ರಿಂದ ಇದು ಬದಲಾಗುತ್ತದೆ. ಚಹಾ ಇರುತ್ತದೆ.

ಕಟ್ಟಡ ಕೆಡವುವ ಮೊದಲೇ ನಮ್ಮ ಹುಡುಗರು ಹೋಗಿ, ಪ್ರತಿ ಬಾಗಿಲು, ಚೌಕಟ್ಟು, ತೊಲೆ ಇದ್ದಲ್ಲೇ ಫೋಟೋ ತೆಗೆದು ಅಳತೆ ಹಿಡಿಯುತ್ತಾರೆ. ಒಂದೊಂದಕ್ಕೂ ಕ್ಯೂಆರ್ ಚೀಟಿ ಹಚ್ಚುತ್ತಾರೆ. ಸ್ಕ್ಯಾನ್ ಮಾಡಿದರೆ ಯಾವ ಮರ, ಎಷ್ಟು ಉದ್ದ ಅಗಲ, ಯಾವ ಏರಿಯಾದ್ದು, ತೇವ ಎಷ್ಟು, ಗೆದ್ದಲು ಹಿಡಿದಿತ್ತೇ, ರೇಟು ಎಷ್ಟು, ಎಲ್ಲ ಕಾಣುತ್ತದೆ. ಪಟ್ಟಿ ವಾಟ್ಸಾಪ್‌ನಲ್ಲಿ ಮೊದಲೇ ಬರುತ್ತದೆ. ಬೇಕಾದ್ದನ್ನು ಅಲ್ಲಿಂದಲೇ ಬುಕ್ ಮಾಡಬಹುದು. ಮರದ ಒಳಗೆ ಟೊಳ್ಳಿದೆಯೇ ಅಂತ ಮಾತ್ರ ಫೋಟೋ ಹೇಳುವುದಿಲ್ಲ. ಅದಕ್ಕೆ ನಮ್ಮ ಮಿಸ್ತ್ರಿಯ ಸುತ್ತಿಗೆಯೇ ಬೇಕು. ಅವರು ಬಡಿದು ನೋಡದೆ ಯಾವ ಚೀಟಿಯೂ ಪಕ್ಕಾ ಆಗುವುದಿಲ್ಲ.

ಇಷ್ಟೆಲ್ಲ ಯಾಕೆ ಅಂತೀರಾ? ಕಳೆದ ವರ್ಷ ಕಾರ್ಕಳದ ಹತ್ತಿರ ಮನೆ ಕಟ್ಟುತ್ತಿದ್ದ ಗ್ರಾಹಕರೊಬ್ಬರಿಗೆ ಬರ್ಮಾ ಟೀಕಿನ ಹೆಬ್ಬಾಗಿಲು ಕಳಿಸಿದೆವು. ನಮ್ಮ ಚೋಪಡಿಯಲ್ಲಿ (ಲೆಕ್ಕದ ಪುಸ್ತಕದಲ್ಲಿ) 7 ಅಡಿ ಅಂತ ಬರೆದಿತ್ತು. ಅಲ್ಲಿ ಇಳಿಸಿ ನೋಡಿದರೆ ಚೌಕಟ್ಟು ಒಂದು ಕಟ್ಟಡದ್ದು, ಬಾಗಿಲು ಇನ್ನೊಂದರದ್ದು. ಬಾಗಿಲು 2 ಇಂಚು ಗಿಡ್ಡ. ಗೃಹಪ್ರವೇಶಕ್ಕೆ 9 ದಿನ ಇತ್ತು. ಊರಿನ ಬಡಗಿ ಕೆಳಗೆ ಪಟ್ಟಿ ಜೋಡಿಸಿ ಮರ್ಯಾದೆ ಉಳಿಸಿದರು. ಲಾರಿ ಬಾಡಿಗೆ ನಾವೇ ಕೊಟ್ಟೆವು, ನಿಜ. ಆದರೆ ಆ ಪಟ್ಟಿ ಈಗಲೂ ಕಣ್ಣಿಗೆ ಹೊಡೆಯುತ್ತದೆ ಅಲ್ವಾ?

ಇನ್ನೊಂದು ಕಾರಣ ಸರಕಾರದ್ದು. ಕಟ್ಟಡ ತ್ಯಾಜ್ಯದ 2025ರ ನಿಯಮ 2026ರ ಏಪ್ರಿಲ್ 1ರಿಂದ ಜಾರಿ. 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಪ್ರಾಜೆಕ್ಟಿನವರು ಡೆಬ್ರಿಯ (ಕೆಡವಿದ ಅವಶೇಷದ) ಲೆಕ್ಕವನ್ನು ಆನ್‌ಲೈನಿನಲ್ಲಿ ಕೊಡಬೇಕು. ಹಾಗಾಗಿ ಬಿಲ್ಡರುಗಳು ನಮ್ಮನ್ನೂ ಏನೇನು ಒಯ್ದಿರಿ ಅಂತ ಕೇಳುತ್ತಾರೆ. ಚೋಪಡಿ ತೋರಿಸಿದರೆ ನಗುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 2017ರಿಂದ ಮಡಾಸ್ಟರ್ ಎಂಬ ಆನ್‌ಲೈನ್ ನೋಂದಣಿ ಇದೆ. ಯಾವ ಕಟ್ಟಡದಲ್ಲಿ ಯಾವ ಸಾಮಾನು ಎಷ್ಟಿದೆ ಅಂತ ಅಲ್ಲಿ ಬರೆದಿಡುತ್ತಾರೆ, ಸಾಮಾನಿಗೂ ಪಾಸ್‌ಪೋರ್ಟ್ ಇದ್ದ ಹಾಗೆ. ಅದರ ಮುಂದೆ ನಮ್ಮದು ಬರೀ ರೇಷನ್ ಕಾರ್ಡು.

ಮಂಗಳೂರು ಹೆಂಚಿಗೆ ಒಂದೊಂದಕ್ಕೂ ಚೀಟಿ ಹಚ್ಚುವ ಹುಚ್ಚು ನಮಗಿಲ್ಲ. 100ಕ್ಕೆ ಒಂದು. (ಒಂದು ಕಾಲಕ್ಕೆ ಹಡಗಿನಲ್ಲಿ ಮುಂಬೈಗೆ ಬಂದ ಹೆಂಚು ಈಗ ಲಾರಿ ಹತ್ತಿ ಊರಿಗೆ ವಾಪಸು!) ಕಾಂಕ್ರೀಟ್ ತುಂಡು ನಾವು ಮಾರುವುದಿಲ್ಲ. ಪುಡಿ ಮಾಡಿದ ಹಳೇ ಕಾಂಕ್ರೀಟಿನ ಜಲ್ಲಿಯನ್ನು ಸರಳು ಹಾಕಿದ ಕಾಂಕ್ರೀಟಿನಲ್ಲಿ ಎಂ25 ಎಂಬ ಬಲದ ದರ್ಜೆವರೆಗೆ, ಅದೂ ಒಟ್ಟು ಜಲ್ಲಿಯ 20% ಮಾತ್ರ ಬಳಸಬಹುದು ಅಂತ ಐಎಸ್ 383 ಎಂಬ ಭಾರತೀಯ ಮಾನಕ ಹೇಳುತ್ತದೆ. ಸುಮ್ನೆ ಸ್ಲ್ಯಾಬಿಗೆ ತುಂಬಬೇಡಿ.

ಚೀಟಿ ಇದ್ದ ಸಾಮಾನು ಒಂದೊಂದಕ್ಕೂ 60 ರೂಪಾಯಿ ಜಾಸ್ತಿ, ಚೌಕಾಸಿ ಇಲ್ಲ. ಅಳತೆ ತಪ್ಪಿದ್ದರೆ ವಾಪಸು ತೆಗೆದುಕೊಳ್ಳುತ್ತೇವೆ, ಸಾಗಾಟವೂ ನಮ್ಮದೇ. ಹಿಂದಿನ ಮೂಲೆಯಲ್ಲಿ ಚೀಟಿಯಿಲ್ಲದ ರಾಶಿ ಇರುತ್ತದೆ. ಅಲ್ಲಿ ಚೌಕಾಸಿ ಮೊದಲಿನಂತೆ.

ಸ್ಕ್ಯಾನ್ ಮಾಡಲು ಬರದವರು ಚೀಟಿಯ ನಂಬರ್ ಹೇಳಿ, ಕೌಂಟರಿನಲ್ಲಿ ಓದಿ ಹೇಳುತ್ತೇವೆ. ಮನೆಗೆ ಒಯ್ದ ಮೇಲೂ ಚೀಟಿ ಕೀಳಬೇಡಿ. ಮುಂದೆ ಆ ಬಾಗಿಲನ್ನು ಬಿಚ್ಚುವವರಿಗೆ ಬೇಕಾಗುತ್ತದೆ. ಪಾಲಿಶ್ ಹೊಡೆಯುವಾಗ ಅದರ ಮೇಲೊಂದು ಟೇಪು ಅಂಟಿಸಲು ಹೇಳಿ.

ಇಂತಿ,
ಕುರ್ಲಾ ವಖಾರಿಯವರು