ಅಮ್ಮನ ಮಂಡಿಗೆ ಆ ಇಂಜೆಕ್ಷನ್ ಈಗ ಬೇಡ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮುದಿ ಕೋಶಗಳನ್ನು ಕೊಂದು ಸವೆದ ಮಂಡಿ ಸರಿಮಾಡುವ ಔಷಧಿ ಬಂದಿದೆಯಂತೆ, ಅಮ್ಮನಿಗೆ ಕೊಡಿಸೋಣವೇ ಎಂದು ಕೇಳಿದ್ದೀಯ. ಈಗ ಬೇಡ ಅಕ್ಕ. ಏಕೆಂದು ಬಿಡಿಸಿ ಬರೆಯುತ್ತೇನೆ.

ಮಂಡಿಯ ಮೂಳೆತುದಿಯನ್ನು ಮುಚ್ಚಿರುವ ಕಾರ್ಟಿಲೇಜ್ ಎಂಬ ನುಣುಪಾದ ಮೆತ್ತೆ ಹೆಚ್ಚೂಕಡಿಮೆ 2ರಿಂದ 4 ಮಿಲಿಮೀಟರ್ ದಪ್ಪ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಕೋಶಗಳೂ ವಿರಳ, ಹಾಗಾಗಿ ಸವೆದದ್ದು ತಾನಾಗಿ ತುಂಬಿಕೊಳ್ಳುವುದಿಲ್ಲ. ವಯಸ್ಸಿನಿಂದಲೋ ಹಳೆಯ ಪೆಟ್ಟಿನಿಂದಲೋ ಕೆಲವು ಕೋಶಗಳು ವಿಭಜನೆ ನಿಲ್ಲಿಸುತ್ತವೆ, ಆದರೆ ಸಾಯುವುದೂ ಇಲ್ಲ. ಇವೇ ಮುದಿ ಕೋಶಗಳು. ಲ್ಯಾಬ್‌ನಲ್ಲಿ ಎಕ್ಸ್-ಗಾಲ್ ಎಂಬ ಪರೀಕ್ಷಾ ದ್ರಾವಣ ಹಾಕಿ ರಾತ್ರಿಯಿಡೀ ಇಟ್ಟರೆ ಇವು ನೀಲಿಯಾಗುತ್ತವೆ, ಉಬ್ಬಿ ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ. ಸುಮ್ಮನಿದ್ದರೆ ತೊಂದರೆಯಿರಲಿಲ್ಲ. ಆದರೆ ಅವು ಐಎಲ್-6ನಂಥ ಉರಿಯೂತದ ಸಂಕೇತಗಳನ್ನೂ ಕಾರ್ಟಿಲೇಜಿನ ಹಂದರವಾದ ಕೊಲಾಜನ್ ಎಂಬ ನಾರನ್ನು ಕತ್ತರಿಸುವ ಎಂಎಂಪಿ-13 ಎಂಬ ಕಿಣ್ವವನ್ನೂ ಸುರಿಸುತ್ತಲೇ ಇರುತ್ತವೆ. ಪಕ್ಕದ ಕೋಶಗಳೂ ಮುದಿಯಾಗತೊಡಗುತ್ತವೆ.

2017ರಲ್ಲಿ ವಿಜ್ಞಾನಿಗಳು ಇಲಿಗಳ ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ನಾರು) ಕತ್ತರಿಸಿ, ಆಮೇಲೆ ಮುದಿ ಕೋಶ ಕೊಲ್ಲುವ ಯುಬಿಎಕ್ಸ್0101 ಎಂಬ ಔಷಧಿಯನ್ನು ಕೀಲಿನೊಳಗೇ ಚುಚ್ಚಿದರು. ಮುದಿ ಕೋಶಗಳು ಕಡಿಮೆಯಾದವು, ನೋವು ತಗ್ಗಿತು, ಕಾರ್ಟಿಲೇಜ್ ಸುಧಾರಿಸಿತು. ಎಲ್ಲರಿಗೂ ಆಸೆ ಹುಟ್ಟಿದ್ದು ಅಲ್ಲಿ. ಆಮೇಲೆ ಮಂಡಿ ಸವೆದ 183 ಜನರಿಗೆ ಪರೀಕ್ಷೆ ನಡೆಯಿತು: 0.5, 2 ಅಥವಾ 4 ಮಿಲಿಗ್ರಾಂ, ಇಲ್ಲವೇ ಔಷಧಿಯೇ ಇಲ್ಲದ ಚುಚ್ಚುಮದ್ದು, ಒಂದೇ ಸಲ. 12 ವಾರಕ್ಕೆ ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 2020ರ ಆಗಸ್ಟ್‌ನಲ್ಲಿ ಫಲಿತಾಂಶ ಹೊರಬಂತು.

ಇಲಿಯ ಗಾಯ ಹೊಸದು, ಮನುಷ್ಯರ ಸವೆತ ಹತ್ತಾರು ವರ್ಷದ್ದು. ಎಲ್ಲ ಮುದಿ ಕೋಶಗಳೂ ಒಂದೇ ದಾರಿಯಲ್ಲಿ ಬದುಕಿ ಉಳಿಯುವುದಿಲ್ಲ, ಒಂದೇ ಮದ್ದಿಗೆ ಬಗ್ಗುವುದೂ ಇಲ್ಲ. ಮಂಡಿಗೆ ಏನು ಚುಚ್ಚಿದರೂ ಕೆಲವು ವಾರ ಹಾಯೆನಿಸುವುದೂ ಉಂಟು, ಅದಕ್ಕೇ ಯಾರಾದರೂ “ನನಗೆ ವಾಸಿಯಾಯಿತು” ಎಂದರೆ ಅಷ್ಟಕ್ಕೇ ನಂಬಬೇಡ. ನನಗೆ ಈ ದಾರಿಯ ಮೇಲೆ ಭರವಸೆಯಿದೆ, ಆದರೆ ಅಮ್ಮನ ಕಾಲು ಪ್ರಯೋಗದ ಜಾಗವಲ್ಲ. ಮುದಿ ಕೋಶ ಕೊಲ್ಲಲೆಂದು ಪರೀಕ್ಷಿಸಿದ ಬೇರೆ ಮದ್ದುಗಳೂ ಇವೆ, ಅವೂ ಬೇಡ. ಡಾಸಾಟಿನಿಬ್ ರಕ್ತದ ಕ್ಯಾನ್ಸರಿನ ಮಾತ್ರೆ, ಶ್ವಾಸಕೋಶದ ಸುತ್ತ ನೀರು ತುಂಬಿಸಬಲ್ಲದು. ನಾವಿಟೊಕ್ಲಾಕ್ಸ್ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಇಳಿಸುತ್ತದೆ. ಕ್ವೆರ್ಸೆಟಿನ್, ಫಿಸೆಟಿನ್ ಕ್ಯಾಪ್ಸೂಲುಗಳನ್ನೂ ವೈದ್ಯರಿಗೆ ತಿಳಿಸದೆ ತರಿಸಬೇಡ.

ಈಗ ಕೈಯಲ್ಲಿರುವುದು ತೊಡೆಯ ಸ್ನಾಯು. ಅದು ಬಲವಾದಷ್ಟೂ ಮಂಡಿಯ ಭಾರವನ್ನು ತಾನು ಹೊರುತ್ತದೆ. ಅಮ್ಮ ಮಲಗಿದಾಗ ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡು. ಮಂಡಿಯಿಂದ ಟವೆಲನ್ನು ಒತ್ತಿ, ತೊಡೆ ಬಿಗಿಮಾಡಿ 5 ಸೆಕೆಂಡ್ ಹಿಡಿದು ಬಿಡಲಿ. 10 ಸಲ, ದಿನಕ್ಕೆರಡು ಹೊತ್ತು. ಉಸಿರು ಕಟ್ಟಬಾರದು. ವಾರದ ನಂತರ ಗೋಡೆಗೆ ಆನಿಸಿದ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, 5ರಿಂದ ಶುರು. ಏಳುವಾಗ ಮಂಡಿಗಳು ಒಳಕ್ಕೆ ವಾಲಿದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಊತ ಹೆಚ್ಚಿದ್ದರೆ ಸಂಖ್ಯೆ ಅರ್ಧ ಮಾಡು, ಪೂರ್ತಿ ಬಿಡಬೇಡ. ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ.

ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದು ಸವೆತವಲ್ಲ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮುಂದಿನ ಸಲ ಎಕ್ಸ್-ರೇಯನ್ನು ಅಮ್ಮ ನಿಂತಿರುವಾಗಲೇ ತೆಗೆಯಲು ಹೇಳು. ಮಲಗಿಸಿ ತೆಗೆದರೆ ಭಾರ ಬೀಳದೆ ಕೀಲಿನ ಸಂದು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಆ ಚಿತ್ರ ನನಗೂ ಕಳಿಸು.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ತಮ್ಮ